ಒಡಹುಟ್ಟಿದವರಿಗೆ ಕೈಯಾರೆ ಕಟ್ಟಿಕೊಡುವ ಮನೆ ಪುಸ್ತಕ

ಬೆಳೆದು ಬೇರೆ ಬೇರೆ ಮನೆ ಮಾಡಿಕೊಂಡ ಅಣ್ಣತಮ್ಮ, ಅಕ್ಕತಂಗಿಯರಿಗೆ ಉಡುಗೊರೆ ಆರಿಸುವುದು ಸುಲಭವಲ್ಲ. ಸೀರೆ, ವಾಚು, ಮಿಕ್ಸಿ ಯಾವುದೇ ಆಗಲಿ, ಬೇಕಾದವರು ಬೇಕಾದಾಗ ತಾವೇ ಕೊಂಡಿರುತ್ತಾರೆ. ದುಡ್ಡಿಗೆ ಸಿಗದಿರುವುದು ಇಬ್ಬರೂ ಬೆಳೆದ ಮನೆಯ ಸಂಗತಿ. ಅಮ್ಮನ ಪತ್ರೊಡೆಗೆ ಹುಳಿ ಎಷ್ಟು, ಅಜ್ಜಿ ಉಪ್ಪಿನಕಾಯಿಗೆ ಮಾವಿನ ಮಿಡಿ ಎಲ್ಲಿಂದ ತರುತ್ತಿದ್ದರು, ಹಬ್ಬದ ದಿನ ಮೊದಲ ಎಲೆ ಯಾರಿಗೆ ಎಂಬುದು ಒಡಹುಟ್ಟಿದವರಿಗೆ ಬಿಟ್ಟರೆ ಹೊರಗಿನವರಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಇದನ್ನೆಲ್ಲ ಕೈಯಲ್ಲಿ ಬರೆದು, ದಾರದಲ್ಲಿ ಹೊಲಿದು, ರಟ್ಟು ಹಾಕಿದ ಪುಸ್ತಕವನ್ನು ಮನೆ ಪುಸ್ತಕ ಎನ್ನಬಹುದು. ಸಾಮಗ್ರಿಯ ಖರ್ಚು ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ. ಹೆಚ್ಚು ಬೇಕಾಗುವುದು ಸಮಯ. 96 ಪುಟಗಳ ಇಂಥದೊಂದು ಪುಸ್ತಕವನ್ನು ಮಂಗಳೂರಿನಂಥ ಮಳೆಯೂರಿನಲ್ಲಿ ಮಾಡುವ ಕ್ರಮ ಮುಂದೆ ಇದೆ.

ಹಂಪನಕಟ್ಟೆಯ ಸುತ್ತ

ಮನೆ ಪುಸ್ತಕಕ್ಕೆ ಬೇಕಾದುದನ್ನು ಒಂದೇ ಸುತ್ತಿನಲ್ಲಿ ಕೂಡಿಸಲು ಮಂಗಳೂರಿನ ಹಂಪನಕಟ್ಟೆ ಒಳ್ಳೆಯ ಜಾಗ. ಕೆ.ಎಸ್. ರಾವ್ ರಸ್ತೆ, ಜಿ.ಎಚ್.ಎಸ್. ರಸ್ತೆ, ಭವಂತಿ ರಸ್ತೆ, ರಥಬೀದಿ ಎಲ್ಲವೂ ನಡೆದು ಮುಟ್ಟುವಷ್ಟು ಹತ್ತಿರ. ಸ್ಟೇಷನರಿ, ದಾರ, ಬಟ್ಟೆ, ಝೆರಾಕ್ಸ್, ಸಣ್ಣ ಪ್ರೆಸ್‌ಗಳಿಗಾಗಿ ಬಸ್ಸು ಹತ್ತಬೇಕಾಗಿಲ್ಲ.

ಅಲ್ಲಿಂದ ಸ್ವಲ್ಪವೇ ದೂರದ ಬಲ್ಮಠದಲ್ಲಿ ಮಂಗಳೂರಿನ ಪುಸ್ತಕದ ಕಸುಬು ಬೇರೂರಿತು. ಬಾಸೆಲ್ ಮಿಷನ್ 1841ರಲ್ಲಿ ನಗರದಲ್ಲಿ ಮುದ್ರಣಾಲಯ ತೆರೆಯಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಅಚ್ಚುಮೊಳೆ ಜೋಡಿಸುವುದಿಲ್ಲ. ಜಿಡ್ಡಿನ ಶಾಯಿಯಲ್ಲಿ ಕೈಯಿಂದ ಬರೆದ ಅಕ್ಷರವೇ ಕಲ್ಲಿನ ಮೂಲಕ ಕಾಗದಕ್ಕೆ ಇಳಿಯುತ್ತದೆ. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದೂ ಈ ಊರಿನಿಂದಲೇ. ಪ್ರೆಸ್‌ಗಳಲ್ಲಿ ಹಳೆಯ ಬೈಂಡರುಗಳು ಸಿಕ್ಕಿದರೆ ಕಾಗದದ ನಾರು, ದಾರದ ದಪ್ಪ, ಅಂಟಿನ ಹದ ಕೇಳಿ ತಿಳಿಯಬಹುದು. ಮನೆಯಲ್ಲಿ ಮಾಡಲಾಗದ ಒಂದು ಕೆಲಸ, ಅಂದರೆ ಕಾಗದವನ್ನು ಮೂಲೆಮಟ್ಟಕ್ಕೆ ಕತ್ತರಿಸುವುದು, ಅವರ ಕಟಿಂಗ್ ಮೆಷಿನ್ನಿನಲ್ಲಿ ಕೆಲವೇ ನಿಮಿಷದ್ದು.

ಯಾವಾಗ ಶುರು ಮಾಡುವುದು

ಕೊಡುವ ದಿನವನ್ನು ಮೊದಲು ಗೊತ್ತುಮಾಡಿ ಹಿಂದಕ್ಕೆ ಎಣಿಸಬೇಕು. ಬರವಣಿಗೆಗೆ ಎರಡು ತಿಂಗಳು, ಕಟ್ಟುವುದಕ್ಕೆ ಎರಡು ವಾರ ಇಟ್ಟುಕೊಂಡರೆ ಅವಸರವಾಗುವುದಿಲ್ಲ. ಕರಾವಳಿಯಲ್ಲಿ ಇದರ ಜೊತೆಗೆ ಮಳೆಯ ಲೆಕ್ಕವೂ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಗಾಳಿಯಲ್ಲಿ ಕಾಗದ ನೀರು ಹೀರಿ ಉಬ್ಬುತ್ತದೆ, ರಟ್ಟು ಬಾಗುತ್ತದೆ, ಅಂಟು ಒಣಗದೆ ಬೂಷ್ಟು ಹಿಡಿಯುತ್ತದೆ. ಬರೆಯುವುದನ್ನು ಮಳೆಗಾಲಕ್ಕೂ ಕಟ್ಟುವುದನ್ನು ಒಣಗಾಲಕ್ಕೂ ಹಂಚಿಕೊಳ್ಳುವುದೇ ಸರಿ.

ದೀಪಾವಳಿಗೆ ಕೊಡುವುದಾದರೆ ಈ ಹಂಚಿಕೆ ತಾನಾಗಿಯೇ ಹೊಂದುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ, ತುಳುವರ ಆಟಿ ತಿಂಗಳಲ್ಲಿ ಪತ್ರೊಡೆ, ಕಣಿಲೆ (ಎಳೆ ಬಿದಿರು), ತಜಂಕ್ ಸೊಪ್ಪು, ಉಪ್ಪಿನಲ್ಲಿಟ್ಟ ಹಲಸಿನ ತೊಳೆಯ ಅಡುಗೆ ಮನೆಮನೆಯಲ್ಲಿ ನಡೆಯುತ್ತಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದು ಕೂರುವ ತಿಂಗಳೂ ಅದೇ. ಪಾಕಗಳನ್ನು ಕಣ್ಣಾರೆ ನೋಡಿ ಅಳೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅದರ ಮುಂದಿನ ಸೋಣ ತಿಂಗಳಲ್ಲಿ ಶುದ್ಧಪ್ರತಿ ಬರೆದು, ಅಕ್ಟೋಬರಿನಲ್ಲಿ ಬಿಸಿಲು ಕಂಡ ಮೇಲೆ ಹೊಲಿಯಬಹುದು. ಕ್ರಿಸ್ಮಸ್ಸಿಗೆ ಕೊಡುವವರಿಗೆ ಇನ್ನೂ ಸಲೀಸು. ಡಿಸೆಂಬರ್ ಮೊದಲ ವಾರ ಒಣ ಹವೆ ಇರುತ್ತದೆ. ರಕ್ಷಾಬಂಧನದ ನೂಲ ಹುಣ್ಣಿಮೆ ಆಗಸ್ಟಿನ ಮಳೆಯಲ್ಲಿ ಬರುವುದರಿಂದ ಅದಕ್ಕೆಂದು ಮಾಡುವ ಪುಸ್ತಕದ ಕಟ್ಟುವ ಕೆಲಸ ಏಪ್ರಿಲ್-ಮೇ ತಿಂಗಳಲ್ಲೇ ಮುಗಿದಿರಬೇಕು. ಮುಗಿದ ಪುಸ್ತಕವನ್ನು ಹಬ್ಬದವರೆಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬೇಕು.

ಯಾವ ಪುಟಕ್ಕೆ ಏನು

ಹದಿನಾರು ಪುಟದ ಒಂದು ಮಡಿಕೆಯನ್ನು ಪ್ರೆಸ್ಸಿನವರು ಫಾರಂ ಎನ್ನುತ್ತಾರೆ. ಆರು ಫಾರಂ ಸೇರಿದರೆ 96 ಪುಟ. ವಿಷಯವನ್ನೂ ಫಾರಂ ಲೆಕ್ಕದಲ್ಲೇ ಹಂಚಿದರೆ ಬರೆಯಲೂ ಹೊಲಿಯಲೂ ಅನುಕೂಲ.

ಮೊದಲ ಫಾರಂ ಮನೆಯದು. ಮನೆಯ ನಕ್ಷೆ, ಬಾವಿ, ತೆಂಗು, ಹಲಸು ಇದ್ದ ಜಾಗ, ಅಂಗಳದ ಕಡೆ ತೆರೆಯುತ್ತಿದ್ದ ಕಿಟಕಿ, ನೆರೆಮನೆಗಳ ಹೆಸರು. ಬೆಂಗಳೂರಿಗೋ ದುಬೈಗೋ ಹೋದವರ ಮಕ್ಕಳಿಗೆ ಈ ನಕ್ಷೆಯೇ ಮೊದಲ ಪರಿಚಯ. ಕುಟುಂಬದ ಮರವನ್ನೂ ಇಲ್ಲೇ ಬಿಡಿಸಬೇಕು. ಅಳಿಯಸಂತಾನ ಕಟ್ಟಿನಿಂದ ಬಂದ ಬಂಟ, ಬಿಲ್ಲವ ಮೊದಲಾದ ಮನೆತನಗಳಲ್ಲಿ ಬಳಿ ಎಂಬ ಕುಲ ಸಾಗುವುದು ತಾಯಿಯ ಕಡೆಯಿಂದ. ಅಲ್ಲಿ ಅಪ್ಪನಿಂದ ಮಗನಿಗೆ ಗೆರೆ ಎಳೆದರೆ ಮರ ಅರ್ಧಕ್ಕೇ ನಿಲ್ಲುತ್ತದೆ. ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ ಎಂದು ಮೇಲಕ್ಕೆ ಹೋಗಿ, ಪ್ರತಿ ತಲೆಮಾರಿನಲ್ಲಿ ಅಣ್ಣತಮ್ಮಂದಿರನ್ನು ಪಕ್ಕಕ್ಕೆ ಸೇರಿಸಬೇಕು.

ಎರಡರಿಂದ ನಾಲ್ಕರವರೆಗಿನ ಫಾರಂ ಅಡುಗೆಗೆ. 48 ಪುಟಗಳಲ್ಲಿ ಒಂದು ಅಡುಗೆಗೆ ಎರಡು ಪುಟದಂತೆ 24 ಅಡುಗೆ ಹಿಡಿಯುತ್ತವೆ. ಒಂದು ಪುಟದಲ್ಲಿ ಪಾಕ, ಇನ್ನೊಂದರಲ್ಲಿ ಆ ಅಡುಗೆಯ ಸಂಗತಿ: ಯಾರು ಮಾಡುತ್ತಿದ್ದರು, ಯಾವ ಪಾತ್ರೆಯಲ್ಲಿ, ಯಾರು ಹೆಚ್ಚು ತಿನ್ನುತ್ತಿದ್ದರು, ಯಾರು ಮುಟ್ಟುತ್ತಿರಲಿಲ್ಲ. ನೀರುದೋಸೆಯ ಪಾಕ ಯಾವ ಪುಸ್ತಕದಲ್ಲೂ ಸಿಗುತ್ತದೆ, ಎರಡನೆಯ ಪುಟ ಮಾತ್ರ ಬೇರೆಲ್ಲೂ ಸಿಗುವುದಿಲ್ಲ. ಹೀಗಾಗಿ ಅಡುಗೆ ಆರಿಸುವಾಗ ರುಚಿಗಿಂತ ನೆನಪಿಗೆ ಮೊದಲ ಮಣೆ.

ಐದನೆಯ ಫಾರಂ ವರ್ಷದ ಕ್ರಮಕ್ಕೆ: ಬಿಸು, ಆಟಿ ಅಮಾವಾಸ್ಯೆ, ಅಷ್ಟಮಿ, ಚೌತಿ, ದೀಪಾವಳಿಯ ದಿನಗಳಲ್ಲಿ ಮನೆಯಲ್ಲಿ ನಡೆಯುತ್ತಿದ್ದುದು. ಕ್ರೈಸ್ತ ಮನೆಯ ಪುಸ್ತಕದಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಪುಟ ಬೇಕೇ ಬೇಕು. ಅಂದು ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಮನೆಮಂದಿಯೆಲ್ಲ ಹಂಚಿ ತಿನ್ನುತ್ತಾರೆ. ಪರವೂರಿನಲ್ಲಿರುವ ಮಕ್ಕಳಿಗೂ ಒಡಹುಟ್ಟಿದವರಿಗೂ ಆ ಕಾಳನ್ನು ಅಂಚೆಯಲ್ಲಿ ಕಳುಹಿಸುವ ರೂಢಿಯಿದೆ. ಕ್ರಿಸ್ಮಸ್ಸಿನ ಕುಸ್ವಾರ್ ತಟ್ಟೆಯಲ್ಲಿ ಯಾವ ತಿಂಡಿ ಯಾರ ಕೈಯದ್ದು ಎಂಬುದೂ ಈ ಫಾರಮ್ಮಿಗೆ ಸೇರುತ್ತದೆ. ಬ್ಯಾರಿ ಮನೆಯಾದರೆ ರಂಜಾನಿನ ಇಫ್ತಾರ್, ಎರಡು ಈದ್‌ಗಳ ಅಡುಗೆ.

ಆರನೆಯ ಫಾರಂ ಖಾಲಿ. ಈ ಉಡುಗೊರೆಯ ಜೀವ ಇರುವುದು ಅಲ್ಲಿ. ಒಂದೇ ಮನೆಯಲ್ಲಿ ಬೆಳೆದರೂ ಇಬ್ಬರ ನೆನಪು ಒಂದೇ ಅಲ್ಲ. ಐದು ವರ್ಷ ದೊಡ್ಡವಳಾದ ಅಕ್ಕ ಕಂಡ ಮನೆ ಬೇರೆ, ತಮ್ಮ ಕಂಡದ್ದು ಬೇರೆ. ಬರೆದವರು ಎಲ್ಲವನ್ನೂ ತುಂಬಿಸಿಬಿಟ್ಟರೆ ಪಡೆದವರು ಓದಿ ಕಪಾಟಿನಲ್ಲಿಡುತ್ತಾರೆ. ಹದಿನಾರು ಪುಟ ಬಿಟ್ಟು, ಪ್ರತಿ ಪುಟದ ತಲೆಯಲ್ಲಿ ಒಂದೊಂದು ಪ್ರಶ್ನೆ ಬರೆದರೆ ಅವರು ಪೆನ್ನು ಹಿಡಿಯುತ್ತಾರೆ. ‘ಬಾವಿಗೆ ಕೊಡಪಾನ ಬಿದ್ದ ದಿನ ತೆಗೆದವರು ಯಾರು?’, ‘ಅಪ್ಪ ಪೇಟೆಯಿಂದ ಬರುವಾಗ ಏನು ತರುತ್ತಿದ್ದರು?’ ಎಂಬಂಥ ಸಣ್ಣ, ಖಚಿತ ಪ್ರಶ್ನೆಗಳು ಒಳ್ಳೆಯವು. ‘ನಿನ್ನ ಬಾಲ್ಯದ ಬಗ್ಗೆ ಬರೆ’ ಎಂದರೆ ಪುಟ ಖಾಲಿಯೇ ಉಳಿಯುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಮನೆಮಾತು ತುಳು, ಕೊಂಕಣಿ, ಬ್ಯಾರಿ, ಹವ್ಯಕ ಯಾವುದಿದ್ದರೂ ಅಮ್ಮನ ಮಾತನ್ನು ಅದರಲ್ಲೇ, ಕನ್ನಡ ಅಕ್ಷರದಲ್ಲಿ ಬರೆಯಬೇಕು. ಗ್ರಾಂಥಿಕಕ್ಕೆ ತಿದ್ದಿದರೆ ದನಿ ಹೋಗುತ್ತದೆ. ಕನ್ನಡ ಓದಲು ಬಾರದ ಮಕ್ಕಳಿರುವ ಮನೆಗಾದರೆ ಪಾಕದ ಪುಟದ ಅಡಿಯಲ್ಲಿ ಅಳತೆಗಳನ್ನು ಇಂಗ್ಲಿಷಿನಲ್ಲೂ ಕೊಡಬಹುದು.

ಕಣ್ಣಳತೆಯನ್ನು ಹಿಡಿಯುವುದು

ಹಿರಿಯರ ಅಡುಗೆಯಲ್ಲಿ ಅಳತೆ ಇಲ್ಲವೆಂದಲ್ಲ, ಅದು ಕೈಯಲ್ಲಿದೆ. ‘ಸ್ವಲ್ಪ ಹಾಕು’ ಎಂದವರನ್ನು ‘ಎಷ್ಟು ಗ್ರಾಂ?’ ಎಂದು ಕೇಳಿ ಪ್ರಯೋಜನವಿಲ್ಲ. ಅವರು ಎಂದಿನಂತೆ ಅಡುಗೆ ಮಾಡಲಿ, ಅಳೆಯುವವರು ಪಕ್ಕದಲ್ಲಿರಬೇಕು. ಉಪ್ಪಿನ ಮರಿಗೆ, ಮೆಣಸಿನ ಡಬ್ಬಿ, ಬೆಲ್ಲದ ತಟ್ಟೆ, ತುರಿದ ತೆಂಗಿನಕಾಯಿಯ ಬಟ್ಟಲು ಇವುಗಳನ್ನು ಅಡುಗೆಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದರೆ ವ್ಯತ್ಯಾಸವೇ ಅಳತೆ. ಕೈ ತಡೆಯದೆ, ಮಾತು ಕೆಡಿಸದೆ ಪಾಕ ದಾಖಲಾಗುತ್ತದೆ. ಒಂದೇ ಅಡುಗೆಯನ್ನು ಎರಡು ಮೂರು ಸಲ ಹೀಗೆ ತೂಗಿದರೆ ನಂಬುವಂಥ ಅಂಕಿ ಸಿಗುತ್ತದೆ.

ಪಾವು, ಕುಡ್ತೆ, ಸೇರುಗಳು ಮನೆಯಿಂದ ಮನೆಗೆ ಬದಲಾಗುತ್ತವೆ. ಆ ಮನೆಯಲ್ಲಿ ಬಳಸುವ ಕುಡ್ತೆಗೆ ನೀರು ತುಂಬಿ ಅಳತೆಪಾತ್ರೆಗೆ ಸುರಿದು ಎಷ್ಟು ಮಿಲಿಲೀಟರ್ ಎಂದು ಮೊದಲ ಪುಟದಲ್ಲೇ ಬರೆದಿಡಬೇಕು. ‘ಲಿಂಬೆ ಗಾತ್ರದ ಹುಳಿ’, ‘ಒಂದು ಕಡಿ ತೆಂಗಿನಕಾಯಿ’, ‘ಒಂದು ಮುಷ್ಟಿ ಬೇಳೆ’ ಎಂಬ ಮಾತುಗಳನ್ನು ಅಳಿಸದೆ, ಪಕ್ಕದಲ್ಲಿ ತೂಕ ಸೇರಿಸಬೇಕು. ಅಕ್ಕಿ ಕುಚ್ಚಿಗೆಯೋ ಬೆಳ್ತಿಗೆಯೋ, ಮೆಣಸು ಬ್ಯಾಡಗಿಯೋ ಗಿಡ್ಡವೋ, ಹುಳಿ ಹುಣಸೆಯದೋ ಪುನರ್ಪುಳಿಯದೋ ಎಂಬುದು ಕಡ್ಡಾಯ. ಅಕ್ಕಿ ಬದಲಾದರೆ ನೀರುದೋಸೆ ನೀರುದೋಸೆಯಾಗಿ ಉಳಿಯುವುದಿಲ್ಲ. ಬೆಂಕಿಯ ಹದಕ್ಕೆ ನಿಮಿಷಕ್ಕಿಂತ ಗುರುತು ಮೇಲು: ‘ಹಸಿ ವಾಸನೆ ಹೋಗುವ ತನಕ’, ‘ಎಣ್ಣೆ ಬಿಡುವ ತನಕ’. ಹೊರದೇಶದಲ್ಲಿರುವವರಿಗೆ ತಾಜಾ ತೆಂಗಿನಕಾಯಿಯ ಬದಲು ಫ್ರೀಜರಿನ ತುರಿ, ಕೆಸುವಿನ ಎಲೆಯ ಬದಲು ಏನು ನಡೆಯುತ್ತದೆ ಎಂಬ ಟಿಪ್ಪಣಿ ಉಪಕಾರಿ. ಒಂದು ಸಲ ಮಾಡಿ ನೋಡಿಯೇ ಅದನ್ನು ಬರೆಯಬೇಕು.

ಎಚ್ಚರಿಕೆ ಬೇಕಾದ ಪುಟಗಳು

ಮನೆಮದ್ದು ಮತ್ತು ಕಾಡಿನ ತರಕಾರಿಗಳನ್ನು ಬರೆಯುವಾಗ ನೆನಪಷ್ಟೇ ಸಾಲದು. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಪಾಲೆ ಮರದ ತೊಗಟೆ ಬೇಕು. ಮುಂಜಾನೆಯ ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಅದರಲ್ಲಿರುವ ಸ್ಟ್ರಿಕ್ನಿನ್ ಜೀವಕ್ಕೇ ಅಪಾಯ. ಈ ಪುಟದಲ್ಲಿ ಪಾಕಕ್ಕಿಂತ ಮೊದಲು, ಮರ ಗುರುತು ಹಿಡಿಯಬಲ್ಲ ಹಿರಿಯರು ಹಗಲಲ್ಲೇ ತೋರಿಸಿಟ್ಟ ಮರದಿಂದ ಮಾತ್ರ ತರಬೇಕೆಂದು ಬರೆಯಬೇಕು. ಕಣಿಲೆ ಹೆಚ್ಚಿ ನೀರಲ್ಲಿ ನೆನೆಸಿ, ದಿನವೂ ನೀರು ಬದಲಿಸಿ, ಚೆನ್ನಾಗಿ ಬೇಯಿಸದಿದ್ದರೆ ಅದರಲ್ಲಿನ ಸಯನೈಡ್ ಅಂಶ ಉಳಿಯುತ್ತದೆ. ‘ಎರಡು ದಿನ ನೆನೆಸುವುದು’ ಎಂಬ ಸಾಲು ಬಿಟ್ಟುಹೋಗಬಾರದು. ಕೆಸುವಿನ ಎಲೆಯ ತುರಿಕೆಗೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಹುಳಿ ಮತ್ತು ಪೂರ್ತಿ ಬೇಯುವಿಕೆ ಎರಡೂ ಬೇಕೆನ್ನುವುದು ಅದಕ್ಕೇ.

ಕಾಗದ ಮತ್ತು ಶಾಯಿ

ಕನ್ನಡ ಪುಸ್ತಕಗಳ ಒಳಪುಟದಲ್ಲಿ ‘ಡೆಮಿ 1/8’ ಎಂದು ಕಾಣುವ ಅಳತೆ, ಸುಮಾರು ಐದೂವರೆ ಇಂಚು ಅಗಲ ಎಂಟೂವರೆ ಇಂಚು ಎತ್ತರ, ಮನೆ ಪುಸ್ತಕಕ್ಕೂ ಹೊಂದುತ್ತದೆ. 18×23 ಇಂಚಿನ ಡೆಮಿ ಹಾಳೆಯನ್ನು ನಾಲ್ಕು ಮಾಡಿ, ಪ್ರತಿ ತುಂಡನ್ನು ಎಂಟೂವರೆ ಇಂಚು ಎತ್ತರ, ಹನ್ನೊಂದು ಇಂಚು ಅಗಲಕ್ಕೆ ಕತ್ತರಿಸಿ ಕೊಡುವಂತೆ ಪ್ರೆಸ್ಸಿನಲ್ಲಿ ಹೇಳಬೇಕು. ಆ ತುಂಡನ್ನು ನಡುವೆ ಮಡಿಸಿದರೆ ನಾಲ್ಕು ಪುಟ, ಮಡಿಸಿದ ನಾಲ್ಕನ್ನು ಒಂದರೊಳಗೊಂದು ಇಟ್ಟರೆ ಒಂದು ಫಾರಂ. ಆರು ಫಾರಮ್ಮಿಗೆ ಆರು ಡೆಮಿ ಹಾಳೆ ಸಾಕು. ತಪ್ಪಿಗೆಂದು ಎರಡು ಹೆಚ್ಚಿಗೆ ಇರಲಿ. ತೂಕ 90ರಿಂದ 100 ಜಿಎಸ್‌ಎಂ. ಅದಕ್ಕಿಂತ ತೆಳುವಾದರೆ ಬರಹ ಹಿಂದೆ ಕಾಣುತ್ತದೆ, ದಪ್ಪವಾದರೆ ಪುಟ ಮಲಗುವುದಿಲ್ಲ.

ಕೊಳ್ಳುವಾಗ ನಾರಿನ ದಿಕ್ಕು ನೋಡಬೇಕು. ಯಂತ್ರದಲ್ಲಿ ತಯಾರಾದ ಕಾಗದದ ನಾರು ಒಂದು ದಿಕ್ಕಿಗೆ ಮಲಗಿರುತ್ತದೆ. ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ನಾರು ಇದ್ದರೆ ಪುಟ ಸುಲಭವಾಗಿ ತೆರೆಯುತ್ತದೆ. ಅಡ್ಡಲಾಗಿದ್ದರೆ ತೇವ ತಾಗಿದಾಗ ಬೆನ್ನಿನ ಬಳಿ ಅಲೆಅಲೆಯಾಗಿ ಸುಕ್ಕುಗಟ್ಟುತ್ತದೆ. ಹಾಳೆಯನ್ನು ಮಡಿಸದೆ ಸುಮ್ಮನೆ ಬಾಗಿಸಿ ನೋಡಿದರೆ ಕಡಿಮೆ ಬಿಗಿಯಿಂದ ಬಾಗುವ ಕಡೆಯ ಮಡಿಕೆಯೇ ನಾರಿನ ದಿಕ್ಕು. ಮೇಲಿನ ಲೆಕ್ಕಕ್ಕೆ ಡೆಮಿ ಹಾಳೆಯ 18 ಇಂಚಿನ ಬದಿಗೆ ಸಮನಾಗಿ ನಾರು ಇರಬೇಕು. ಅಂಗಡಿಯ ಎ4 ಕಾಗದದಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಇರುವುದರಿಂದ, ಅದನ್ನು ನಡುವೆ ಮಡಿಸಿದಾಗ ಬೆನ್ನಿಗೆ ಅಡ್ಡವಾಗುತ್ತದೆ. ಕರಾವಳಿಯಲ್ಲಿ ಅದು ಬೇಡ.

ಬರೆಯುವುದು ಹೊಲಿಗೆಗೆ ಮೊದಲು. ಒಂದು ಹಾಳೆ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಆದರೆ ಒಂದು ಹಾಳೆಯ ಮೇಲೆ ಅಕ್ಕಪಕ್ಕದ ಪುಟಗಳು ಬರುವುದಿಲ್ಲ. ಮೊದಲ ಫಾರಮ್ಮಿನ ಹೊರಹಾಳೆಯಲ್ಲಿ 1, 2, 15, 16. ಎರಡನೆಯದರಲ್ಲಿ 3, 4, 13, 14. ಮೂರನೆಯದರಲ್ಲಿ 5, 6, 11, 12. ಒಳಹಾಳೆಯಲ್ಲಿ 7, 8, 9, 10. ರದ್ದಿ ಕಾಗದದಲ್ಲಿ ಪುಟ್ಟ ಮಾದರಿ ಮಡಿಸಿ ಪುಟಸಂಖ್ಯೆ ಹಾಕಿಕೊಂಡರೆ ಗೊಂದಲವಿಲ್ಲ. ಬೆನ್ನಿನ ಕಡೆ ಮುಕ್ಕಾಲು ಇಂಚು ಬಿಡಬೇಕು. ಇಲ್ಲದಿದ್ದರೆ ಸಾಲಿನ ತುದಿ ಹೊಲಿಗೆಯೊಳಗೆ ಅಡಗುತ್ತದೆ.

ಶಾಯಿಪೆನ್ನಿನ ಸಾಮಾನ್ಯ ಶಾಯಿ ಒಂದು ಹನಿ ನೀರಿಗೆ ಕಲೆಸಿಹೋಗುತ್ತದೆ. ಅಡುಗೆಮನೆಗೆ ಹೋಗುವ ಪುಸ್ತಕಕ್ಕೆ ಪಿಗ್ಮೆಂಟ್ ಶಾಯಿಯ ಪೆನ್ನು ಬೇಕು. ಬರೆದ ತುಂಡಿನ ಮೇಲೆ ಒದ್ದೆ ಬೆರಳಾಡಿಸಿ ಪರೀಕ್ಷಿಸಬಹುದು. ಫೋಟೊಗಳಿಗೆ ಲೇಸರ್ ಮುದ್ರಣ ಮೇಲು, ಇಂಕ್‌ಜೆಟ್ ಚಿತ್ರ ತೇವಕ್ಕೆ ಹರಡುತ್ತದೆ. ಹೊಳಪಿನ ಫೋಟೊಗಳು ಮಳೆಗಾಲದಲ್ಲಿ ಎದುರು ಪುಟಕ್ಕೆ ಅಂಟುವುದರಿಂದ ಹೊಳಪಿಲ್ಲದ ಪ್ರಿಂಟ್ ಹಾಕಿ, ನಡುವೆ ಬಟರ್ ಪೇಪರ್ ಇಡಬೇಕು. ಅಮ್ಮನ ಹಳೆಯ ಕಾಗದ, ಅಪ್ಪನ ಲೆಕ್ಕದ ಚೀಟಿ ಸಿಕ್ಕಿದರೆ ಮೂಲವನ್ನು ಅಂಟಿಸಬಾರದು. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ಪ್ರತಿ ಅಂಟಿಸಬೇಕು, ಮೂಲವನ್ನು ಹಿಂಬದಿಯ ರಟ್ಟಿನ ಒಳಗೆ ಮಾಡಿದ ಕಾಗದದ ಚೀಲದಲ್ಲಿಡಬೇಕು. ಫೋಟೊ ಅಂಟಿಸುವ ಪುಟಗಳಿದ್ದರೆ ಆ ಫಾರಮ್ಮಿನ ಮಡಿಕೆಯಲ್ಲಿ ಒಂದಿಂಚು ಅಗಲದ ಕಾಗದದ ಪಟ್ಟಿ ಮಡಿಸಿ ಸೇರಿಸಿ ಹೊಲಿದರೆ ಬೆನ್ನು ಅಷ್ಟು ದಪ್ಪವಾಗಿ, ಪುಸ್ತಕ ಬಾಯಿ ಬಿಡುವುದಿಲ್ಲ.

ಹೊಲಿಗೆ

ಬೇಕಾದವು: ದಬ್ಬಣ, ಮೊಂಡು ತುದಿಯ ಸೂಜಿ, ಬಲವಾದ ಹತ್ತಿಯ ಇಲ್ಲವೇ ಲಿನೆನ್ ದಾರ, ಜೇನುಮೇಣದ ತುಂಡು, ಅರ್ಧ ಇಂಚು ಅಗಲದ ಹತ್ತಿ ಪಟ್ಟಿ. ದಾರವನ್ನು ಮೇಣದ ಮೇಲೆ ಎರಡು ಸಲ ಎಳೆದರೆ ಸಿಕ್ಕಾಗದೆ, ತೇವ ಹೀರದೆ ಬಿಗಿಯಾಗಿ ನಿಲ್ಲುತ್ತದೆ. ಆರು ಫಾರಮ್ಮಿಗೆ ಎರಡು ಗಜ ಉದ್ದ ಸಾಕು.

ಪ್ರತಿ ಫಾರಮ್ಮಿನ ಮಡಿಕೆಯಲ್ಲಿ ಆರು ತೂತು. ಮೇಲಿನಿಂದ ಅರ್ಧ ಇಂಚಿಗೆ ಒಂದು, ಕೆಳಗಿನಿಂದ ಅರ್ಧ ಇಂಚಿಗೆ ಒಂದು; ನಡುವೆ ಎರಡು ಹತ್ತಿ ಪಟ್ಟಿಗಳ ಎರಡೂ ಅಂಚಿಗೆ ಒಂದೊಂದು. ಎಲ್ಲ ಫಾರಮ್ಮಿಗೂ ತೂತು ಒಂದೇ ಎತ್ತರದಲ್ಲಿ ಬರಲು ರಟ್ಟಿನ ತುಂಡಿನ ಮೇಲೆ ಗುರುತು ಮಾಡಿ ಅದನ್ನೇ ಅಳತೆಯಾಗಿ ಬಳಸಬೇಕು.

ಮೊದಲ ಫಾರಂ ಮೇಜಿನ ಅಂಚಿಗೆ ಇಟ್ಟು ಹೊರಗಿನಿಂದ ಮೊದಲ ತೂತಿಗೆ ಸೂಜಿ ಹಾಕಿ, ನಾಲ್ಕಿಂಚು ದಾರ ಹೊರಗೆ ಬಿಡಬೇಕು. ಒಳಗಿನಿಂದ ಎರಡನೆಯ ತೂತಿಗೆ ಬಂದು, ಪಟ್ಟಿಯ ಮೇಲಿಂದ ಹಾದು ಮೂರನೆಯದಕ್ಕೆ ಇಳಿಯಬೇಕು. ನಾಲ್ಕರಲ್ಲಿ ಹೊರಬಂದು ಎರಡನೆಯ ಪಟ್ಟಿ ದಾಟಿ ಐದಕ್ಕೆ ಇಳಿದು ಆರರಲ್ಲಿ ಹೊರಬರಬೇಕು. ಎರಡನೆಯ ಫಾರಂ ಮೇಲಿಟ್ಟು ಅದರ ಆರನೆಯ ತೂತಿನಿಂದ ಹಿಂದಕ್ಕೆ ಹೊಲಿದು ಬಂದು, ಬಿಟ್ಟ ದಾರದ ತುದಿಗೆ ಗಂಟು ಹಾಕಬೇಕು. ಮೂರನೆಯ ಫಾರಮ್ಮಿನಿಂದ ಪ್ರತಿ ಸಾಲಿನ ಕೊನೆಯಲ್ಲಿ, ಕೆಳಗಿನ ಎರಡು ಫಾರಂಗಳ ನಡುವಿನ ಹೊಲಿಗೆಗೆ ಸೂಜಿ ತೂರಿಸಿ, ದಾರದ ಕುಣಿಕೆಯೊಳಗಿಂದ ಎಳೆದು ಬಿಗಿದು ಮೇಲಕ್ಕೆ ಹೋಗಬೇಕು. ಫಾರಂಗಳನ್ನು ಒಂದಕ್ಕೊಂದು ಹಿಡಿದಿಡುವುದು ಈ ಗಂಟೇ. ದಾರವನ್ನು ಬೆನ್ನಿನ ಉದ್ದಕ್ಕೆ ಎಳೆಯಬೇಕು. ನೇರ ಮೇಲಕ್ಕೆ ಎಳೆದರೆ ಮಡಿಕೆ ಹರಿಯುತ್ತದೆ.

ಹೊಲಿದ ಕಟ್ಟಿನ ಮುಂದೆ ಹಿಂದೆ 120 ಜಿಎಸ್‌ಎಂನ ಮಡಿಸಿದ ಜೋಡಿ ಹಾಳೆಯನ್ನು ಬೆನ್ನಿನ ಅಂಚಿಗೆ ಕಾಲು ಇಂಚಿನಷ್ಟೇ ಅಂಟು ಹಚ್ಚಿ ಕೂರಿಸಬೇಕು. ಬಳಿಕ ಬೆನ್ನಿಗೆ ತೆಳ್ಳಗೆ ಅಂಟು ಹಚ್ಚಿ, ಜಾಳು ಹತ್ತಿಬಟ್ಟೆಯ ತುಂಡನ್ನು ಎರಡೂ ಬದಿಗೆ ಒಂದಿಂಚು ಚಾಚುವಂತೆ ಅಂಟಿಸಿ, ಭಾರ ಹೇರಿ ಒಂದು ರಾತ್ರಿ ಬಿಡಬೇಕು.

ರಟ್ಟು ಮತ್ತು ಹೊದಿಕೆ

ಎರಡು ಮಿಲಿಮೀಟರ್ ದಪ್ಪದ ರಟ್ಟು ಸಾಕು. ಎತ್ತರ ಪುಟಕ್ಕಿಂತ ಕಾಲು ಇಂಚು ಹೆಚ್ಚು, ಅಂದರೆ ಎಂಟೂಮುಕ್ಕಾಲು ಇಂಚು. ಬೆನ್ನಿನ ಬಳಿ ಕಾಲು ಇಂಚು ಸಂದು ಬಿಟ್ಟು ಮುಂದೆ ಅರೆಪಾವಿಂಚು ಚಾಚುವುದರಿಂದ ಅಗಲ ಐದೂಮುಕ್ಕಾಲು ಇಂಚಲ್ಲ, 5⅜ ಇಂಚು. ಬೆನ್ನಿನ ಪಟ್ಟಿಯ ಅಗಲ ಹೊಲಿದ ಕಟ್ಟಿನ ದಪ್ಪ ಮತ್ತು ಎರಡು ರಟ್ಟಿನ ದಪ್ಪ ಸೇರಿದಷ್ಟು. ಕಟ್ಟನ್ನು ಅಳೆದೇ ಇದನ್ನು ಕತ್ತರಿಸಬೇಕು.

ಹೊದಿಕೆಗೆ ಅಮ್ಮನ ಹಳೆಯ ಹತ್ತಿ ಸೀರೆ, ಅಪ್ಪನ ಅಂಗಿ ಒಳ್ಳೆಯ ಆಯ್ಕೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕೈಮಗ್ಗದಲ್ಲಿ ನೇಯ್ದ ಉಡುಪಿ ಸೀರೆ ಮನೆಯಲ್ಲಿದ್ದರೆ ಅದರ ಒತ್ತು ನೇಯ್ಗೆ ರಟ್ಟಿಗೆ ಹೇಳಿಮಾಡಿಸಿದ್ದು; ಸೆರಗನ್ನು ಮುಂಭಾಗಕ್ಕೆ ಬರುವಂತೆ ಕತ್ತರಿಸಬಹುದು. ಬಟ್ಟೆಯನ್ನು ಹಾಗೆಯೇ ಅಂಟಿಸಿದರೆ ಅಂಟು ಎಳೆಯ ನಡುವಿನಿಂದ ಮೇಲೆ ಬಂದು ಕಲೆಯಾಗುತ್ತದೆ. ಮೊದಲು ಒಗೆದು ಇಸ್ತ್ರಿ ಮಾಡಿ, ಹಿಂಬದಿಗೆ ತೆಳು ಕಾಗದ ಅಂಟಿಸಿ ಒಣಗಿಸಿಕೊಳ್ಳಬೇಕು. ಆಮೇಲೆ ರಟ್ಟು, ಸಂದು, ಬೆನ್ನಿನ ಪಟ್ಟಿ, ಸಂದು, ರಟ್ಟು ಎಂದು ಸಾಲಾಗಿಟ್ಟು, ಸುತ್ತ ಮುಕ್ಕಾಲು ಇಂಚು ಬಟ್ಟೆ ಒಳಮಡಿಸಬೇಕು.

ಅಂಟಿನ ಆಯ್ಕೆ ಇಲ್ಲಿ ಮುಖ್ಯ. ಬೈಂಡರುಗಳ ಹಳೆಯ ಪದ್ಧತಿ ಮೈದಾ ಅಂಟು. ಹುಳ ಹಿಡಿಯದಂತೆ ಅದಕ್ಕೆ ಮೈಲುತುತ್ತು ಬೆರೆಸುತ್ತಿದ್ದರು. ಮೈಲುತುತ್ತು ವಿಷ. ಅಡುಗೆಮನೆಗೂ ಮಕ್ಕಳ ಕೈಗೂ ಹೋಗುವ ಪುಸ್ತಕಕ್ಕೆ ಅದು ಸಲ್ಲದು. ಬರೀ ಮೈದಾ ಕರಾವಳಿಯ ತೇವದಲ್ಲಿ ಜಿರಲೆ, ಬೂಷ್ಟು, ಬೆಳ್ಳಿಹುಳಕ್ಕೆ ಆಹಾರ. ಮರಗೆಲಸದವರು ಬಳಸುವ ಬಿಳಿ ಪಿವಿಎ ಅಂಟನ್ನು ಸ್ವಲ್ಪವೇ ನೀರು ಬೆರೆಸಿ ಬ್ರಷ್ಷಿನಲ್ಲಿ ತೆಳ್ಳಗೆ ಹಚ್ಚುವುದು ಸುರಕ್ಷಿತ.

ಕೊನೆಗೆ ಕಟ್ಟನ್ನು ರಟ್ಟಿನೊಳಗಿಟ್ಟು, ಹತ್ತಿ ಪಟ್ಟಿ ಮತ್ತು ಜಾಳುಬಟ್ಟೆಯನ್ನು ರಟ್ಟಿಗೆ ಅಂಟಿಸಿ, ಅದರ ಮೇಲೆ ಜೋಡಿ ಹಾಳೆ ಅಂಟಿಸಬೇಕು. ಹೊರಗಿನ ಬಟ್ಟೆ ರಟ್ಟನ್ನು ಹೊರಕ್ಕೆ ಎಳೆಯುತ್ತದೆ, ಒಳಗಿನ ಹಾಳೆ ಒಳಕ್ಕೆ. ಎರಡೂ ಸಮವಾದರೆ ರಟ್ಟು ಚಪ್ಪಟೆಯಾಗಿ ನಿಲ್ಲುತ್ತದೆ. ಒಳಬದಿಗೆ ಮೇಣದ ಕಾಗದ ಇಟ್ಟು ಅರೆಯುವ ಕಲ್ಲಿನಷ್ಟು ಭಾರ ಹೇರಬೇಕು. ಒಣಹವೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಮೂರು ದಿನ ತೆಗೆಯಬಾರದು.

ಒಪ್ಪಿಗೆ ಮತ್ತು ಪ್ರತಿಗಳು

ಇಬ್ಬರಿಗಿಂತ ಹೆಚ್ಚು ಒಡಹುಟ್ಟಿದವರಿದ್ದರೆ ಒಬ್ಬರಿಗಷ್ಟೇ ಮನೆ ಪುಸ್ತಕ ಕೊಡುವುದು ಉಳಿದವರಿಗೆ ನೋವು. ಬರೆದ ಹಾಳೆಗಳನ್ನು ಹೊಲಿಯುವ ಮೊದಲೇ ಅದೇ ಡೆಮಿ ತುಂಡುಗಳ ಮೇಲೆ ಪ್ರತಿ ತೆಗೆಸಿದರೆ ಎಲ್ಲರಿಗೂ ಒಂದೊಂದು ಕಟ್ಟಬಹುದು. ಖಾಲಿ ಫಾರಂ ಮಾತ್ರ ಪ್ರತಿಯೊಬ್ಬರದೂ ಬೇರೆ, ಅದರ ಪ್ರಶ್ನೆಗಳೂ ಬೇರೆ. ಕೆಲವು ವರ್ಷಗಳ ಮೇಲೆ ಆ ಫಾರಂಗಳನ್ನು ಪರಸ್ಪರ ಪ್ರತಿ ಮಾಡಿಕೊಂಡರೆ ಪ್ರತಿಯೊಂದು ಮನೆಯಲ್ಲೂ ಎಲ್ಲರ ಮಾತು ಸೇರುತ್ತದೆ.

ಪಾಲು, ಜಾಗ, ಹಳೆಯ ಮುನಿಸು ಈ ಪುಸ್ತಕಕ್ಕೆ ಬೇಡ. ಜೀವಂತ ಇರುವವರ ಕಾಯಿಲೆ, ಸಾಲ, ಮದುವೆಯ ವಿಷಯಗಳನ್ನು ಅವರನ್ನು ಕೇಳದೆ ಬರೆಯಬಾರದು. ಮಾತು ನಿಂತ ಒಡಹುಟ್ಟಿದವರಿಗೆ ಕಳುಹಿಸುವುದಾದರೆ ಉತ್ತರ ಬೇಡುವ ಪತ್ರ ಜೊತೆಗಿಡದೆ, ಖಾಲಿ ಪುಟದ ಪ್ರಶ್ನೆಗಳನ್ನೂ ಅಡುಗೆ ಮತ್ತು ಮನೆಯ ಮಟ್ಟಕ್ಕೆ ಇರಿಸುವುದು ಲೇಸು. ಅತ್ತಿಗೆ, ಭಾವ, ಮಕ್ಕಳ ಹೆಸರು ಕುಟುಂಬದ ಮರದಲ್ಲಿ ಬಿಟ್ಟುಹೋಗದಂತೆ ಎರಡು ಸಲ ನೋಡಬೇಕು.

ಕಳುಹಿಸುವುದು, ಕಾಪಾಡುವುದು

ಕೈಯಲ್ಲೇ ಕೊಡಲಾಗದಿದ್ದರೆ ಪುಸ್ತಕವನ್ನು ಬಟರ್ ಪೇಪರಿನಲ್ಲಿ ಸುತ್ತಿ, ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿ, ನಾಲ್ಕು ಮೂಲೆಗೂ ರಟ್ಟಿನ ತುಂಡು ಕೊಟ್ಟು ಪೆಟ್ಟಿಗೆಗೆ ಹಾಕಬೇಕು. ಅದೇ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಹಪ್ಪಳ ಸೇರಿಸಿದರೆ ಎಣ್ಣೆ ಕಾಗದಕ್ಕೆ ಇಳಿಯುತ್ತದೆ. ದೇಶದೊಳಗೆ ಸ್ಪೀಡ್ ಪೋಸ್ಟ್ ಸಾಕು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯೂ ಅದರಲ್ಲೇ ಸೇರಿತು. ಮಂಗಳೂರಿನ ಪ್ರಧಾನ ಅಂಚೆ ಕಚೇರಿ ಹಂಪನಕಟ್ಟೆಯಿಂದ ಹತ್ತಿರದ ಪಾಂಡೇಶ್ವರದಲ್ಲಿದೆ. ವಿದೇಶಕ್ಕಾದರೆ ಕಸ್ಟಮ್ಸ್ ಘೋಷಣೆಯಲ್ಲಿ ‘ಕೈಬರಹದ ಪುಸ್ತಕ, ಉಡುಗೊರೆ’ ಎಂದು ಇಂಗ್ಲಿಷಿನಲ್ಲಿ ಬರೆಯಬೇಕು. ಕಳುಹಿಸುವ ಮೊದಲು ಎಲ್ಲ ಪುಟಗಳ ಸ್ಕ್ಯಾನ್ ಉಳಿಸಿಕೊಂಡಿರಬೇಕು.

ಪುಸ್ತಕದ ಕೊನೆಯ ಒಳಪುಟದಲ್ಲಿ ಕಾಪಾಡುವ ಕ್ರಮವನ್ನೂ ಬರೆದಿಟ್ಟರೆ ಒಳ್ಳೆಯದು: ಗೋಡೆಗೆ ತಾಗಿಸಿ ಇಡಬಾರದು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆರೆದು ಫ್ಯಾನಿನ ಗಾಳಿಗೆ ಪುಟ ಆಡಿಸಬೇಕು, ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸದೆ, ಪೂರ್ತಿ ಒಣಗಿಸಿ ಮೆತ್ತನೆಯ ಬ್ರಷ್ಷಿನಿಂದ ಮನೆಯ ಹೊರಗೆ ಕೊಡವಬೇಕು, ನೇರ ಬಿಸಿಲಿಗೆ ಇಡಬಾರದು. ಪಟ್ಟಿಯ ಮೇಲೆ ಹೊಲಿದ ಪುಸ್ತಕವಾದ್ದರಿಂದ ರಟ್ಟು ಹಾಳಾದರೂ ಒಳಗಿನ ಕಟ್ಟು ಉಳಿಯುತ್ತದೆ. ಖಾಲಿ ಪುಟಗಳು ತುಂಬಿದ ಮೇಲೆ ಹೊದಿಕೆ ಬಿಡಿಸಿ, ಇನ್ನೊಂದು ಫಾರಂ ಸೇರಿಸಿ, ಬೆನ್ನಿನ ಪಟ್ಟಿಯನ್ನು ಹೊಸ ದಪ್ಪಕ್ಕೆ ಕತ್ತರಿಸಿ ಮತ್ತೆ ರಟ್ಟು ಹಾಕಿಸಬಹುದು.